ಬ್ಯಾಂಕೋನ ಪ್ರೇತ ಯಾವಾಗ ಬರಬೇಕು? ರಂಗಸೂಚನೆಯನ್ನು ಆಡಿಸಿ ಕಲಿಸುವ ಬಗ್ಗೆ

ಇಂಗ್ಲಿಷ್ ಮೇಡಂ: ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ಮೂರನೇ ಅಂಕದಲ್ಲಿ, ರಾಜನಾದ ಮ್ಯಾಕ್‌ಬೆತ್ ಗೆಳೆಯ ಬ್ಯಾಂಕೋನನ್ನು ಕೊಲ್ಲಿಸಿ ಔತಣ ಕೊಡುವ ದೃಶ್ಯ ಪಾಠ ಮಾಡುವವರು ಬೆಂಚು ಬದಿಗೆ ಸರಿಸಿ ಮಕ್ಕಳಿಂದಲೇ ಆಡಿಸಿ ನೋಡಿ. ‘ಬ್ಯಾಂಕೋನ ಪ್ರೇತ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತದೆ’ ಎಂಬ ರಂಗಸೂಚನೆಯನ್ನು ಓದುವಾಗ ಯಾರೂ ಗಮನಿಸುವುದಿಲ್ಲ. ಆಡುವಾಗ ಪ್ರಶ್ನೆ ಶುರು. ಯಾವ ಕಡೆಯಿಂದ ಬರಬೇಕು? ಆಗ ಉಳಿದವರು ಎಲ್ಲಿ ನೋಡುತ್ತಿರಬೇಕು?

ಮೇಷ್ಟ್ರು: ಅರವತ್ತು ಮಕ್ಕಳ ಕ್ಲಾಸಿನಲ್ಲಿ ಇದು ಆಗುವ ಮಾತಾ? ನಾಲ್ಕು ಜನ ಆಡುತ್ತಾರೆ, ಉಳಿದವರದ್ದು ಗಲಾಟೆ. ಮೊದಲು ಮಾತಿನ ಅರ್ಥ ತಿಳಿಯಲಿ.

ಇಂಗ್ಲಿಷ್ ಮೇಡಂ: ಅರ್ಥಕ್ಕಾಗಿಯೇ ಹೇಳುತ್ತಿದ್ದೇನೆ ಸರ್. ಷೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹವಾದ 1623ರ ಫಸ್ಟ್ ಫೋಲಿಯೋದಲ್ಲಿ ಮ್ಯಾಕ್‌ಬೆತ್ ನೋಡುವ ಮೊದಲೇ ಪ್ರೇತ ಬಂದು ಕೂತಾಗಿರುತ್ತದೆ. ಇವನು ‘ಬ್ಯಾಂಕೋನೂ ಇದ್ದಿದ್ದರೆ ಚೆನ್ನಾಗಿತ್ತು’ ಅನ್ನುವಾಗ ಕೊಲೆಯಾದವನು ಇವನ ಕುರ್ಚಿಯಲ್ಲೇ ಇದ್ದಾನೆ! ಎಷ್ಟೋ ಸಂಪಾದಕರು ಆ ಸೂಚನೆಯನ್ನು ಕೆಳಗಿನ ಸಾಲಿಗೆ ಸರಿಸಿದ್ದಾರೆ. ಎರಡೂ ಥರ ಆಡಿಸಿ. ಮೊದಲನೆಯದರಲ್ಲಿ ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ಎರಡನೆಯದರಲ್ಲಿ ಅವನ ಜೊತೆಗೇ ನಾವೂ ಬೆಚ್ಚುತ್ತೇವೆ.

ರಂಗಪ್ರಿಯ: ಪ್ರೇತಕ್ಕೆ ನಟ ಯಾಕೆ ಬೇಕು? ಖಾಲಿ ಕುರ್ಚಿ ಸಾಕು. ಅತಿಥಿಗಳಿಗೆ ಕಾಣದ್ದು ನಮಗೆ ಯಾಕೆ ಕಾಣಬೇಕು?

ಹಳೇ ಓದುಗ: ಆ ಕಾಲದಲ್ಲಿ ಕಾಣುತ್ತಿತ್ತು. 1611ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಈ ನಾಟಕ ನೋಡಿದ ಸೈಮನ್ ಫೋರ್ಮನ್, ಪ್ರೇತ ಬಂದು ಕುರ್ಚಿಯಲ್ಲಿ ಕೂತದ್ದನ್ನು ಬರೆದಿಟ್ಟಿದ್ದಾನೆ.

ರಂಗಪ್ರಿಯ: ಆಗ ಹಾಗಿತ್ತು, ಸರಿ. ಇವತ್ತಿನ ಮಕ್ಕಳು ಅದನ್ನೇ ಮಾಡಬೇಕಂತೇನೂ ಇಲ್ಲ ಅಲ್ವಾ? ಖಾಲಿ ಕುರ್ಚಿ ನೋಡಿ ಅವನು ಕಿರುಚಿದರೆ ಅವನ ತಲೆಯೊಳಗೆ ಏನಾಗುತ್ತಿದೆ ಅನ್ನುವುದೇ ದೃಶ್ಯವಾಗುತ್ತದೆ.

ಮೇಷ್ಟ್ರು: ಷೇಕ್ಸ್‌ಪಿಯರ್‌ನಲ್ಲಿ ರಂಗಸೂಚನೆಗಳೇ ಕಡಿಮೆ. ಇಲ್ಲದ ಕಡೆ ಏನು ಆಡಿಸುತ್ತೀರಿ?

ಹಳೇ ಓದುಗ: ಅವು ಮಾತಿನೊಳಗೇ ಇವೆ. ‘ರಕ್ತ ಮೆತ್ತಿದ ಕೂದಲನ್ನು ನನ್ನತ್ತ ಅಲ್ಲಾಡಿಸಬೇಡ’ ಅಂದರೆ ಪ್ರೇತ ತಲೆ ಅಲ್ಲಾಡಿಸಿತು ಅಂತ ತಾನೇ? ಅತಿಥಿಗಳಲ್ಲೊಬ್ಬನಾದ ರಾಸ್ ಎಲ್ಲರಿಗೂ ಏಳಿ ಅನ್ನುತ್ತಾನೆ. ಲೇಡಿ ಮ್ಯಾಕ್‌ಬೆತ್ ಕೂಡಲೇ ಕೂರಿ ಅನ್ನುತ್ತಾಳೆ. ಅತಿಥಿಗಳು ಎದ್ದರಾ, ಅರ್ಧ ಎದ್ದು ತಡೆದರಾ? ನಿಮ್ಮ ಅರವತ್ತು ಮಕ್ಕಳೇ ಅತಿಥಿಗಳಾಗಲಿ. ಬೆಂಚಿನಿಂದ ಎದ್ದು ಕೂರಲು ಜಾಗವೂ ಬೇಡ.

ಮೇಷ್ಟ್ರು: ಹಾಗಾದರೆ ಒಂದು ಪೀರಿಯಡ್ ಕೊಡಬಹುದು. ಆದರೆ ಮರುದಿನ ಬರೆಸುತ್ತೇನೆ: ಪ್ರೇತ ಯಾವ ಸಾಲಿಗೆ ಬರಬೇಕು, ಯಾಕೆ. ಸುಮ್ನೆ ಆಡಿ ಬಿಟ್ಟರೆ ಪರೀಕ್ಷೆ ಹೊತ್ತಿಗೆ ಏನೂ ನೆನಪಿರುವುದಿಲ್ಲ.

ಇಂಗ್ಲಿಷ್ ಮೇಡಂ: ಖಂಡಿತ ಬರೆಸಿ. ಉತ್ತರಗಳನ್ನು ಇಲ್ಲೂ ಹಾಕಿ ಸರ್.