ಗಿಜಿಗುಡುವ ರಸ್ತೆಯಲ್ಲಿ ಬಾಡಿಗೆ ಮನೆ: ಮುಂಬದಿಯೋ ಹಿಂಬದಿಯೋ?

ಎರಡನೇ_ಮಹಡಿ ಕೇಳಿದ್ದು:

ಒಂದೇ ಕಟ್ಟಡದಲ್ಲಿ ಎರಡು ಮನೆ ಖಾಲಿ ಇವೆ, ಬಾಡಿಗೆಯಲ್ಲಿ ವ್ಯತ್ಯಾಸ ಇಲ್ಲ. ಒಂದು ರಸ್ತೆ ಕಡೆಗಿದೆ: ದೊಡ್ಡದು, ಬಾಲ್ಕನಿ ಇದೆ, ಬೆಳಕು ಚೆನ್ನಾಗಿದೆ. ಇನ್ನೊಂದು ಹಿಂಬದಿಗೆ: ಚಿಕ್ಕದು, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ನೆಲಮಹಡಿಯಲ್ಲಿ ಹೋಟೆಲ್, ರಸ್ತೆಯಾಚೆ ವಾರಾಂತ್ಯದಲ್ಲಿ ಹಾಡು ಹಾಕುವ ಬಾರ್. ಎಲ್ಲವೂ ನಡೆದು ಹೋಗುವಷ್ಟು ಹತ್ತಿರ ಅಂತಲೇ ಆ ಜಾಗ ಬೇಕು, ಆದರೆ ರಾತ್ರಿ ನಿದ್ದೆ ಕೆಡಬಾರದು. ಅಡ್ವಾನ್ಸ್ ಕೊಡುವ ಮುಂಚೆ ಏನೇನು ನೋಡಬೇಕು? ಕಿಟಕಿಗೆ ದಪ್ಪ ಪರದೆ ಹಾಕಿದರೆ ಸಾಕಾಗುತ್ತದಾ?

ಸದ್ದಿನ_ಲೆಕ್ಕ:

ಹಿಂಬದಿ ಅಂದ ತಕ್ಷಣ ಶಾಂತ ಅಂದುಕೊಳ್ಳಬೇಡಿ. ಕೆಳಗೆ ಹೋಟೆಲ್ ಇದ್ದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು, ಫ್ರೀಜರಿನ ಕಂಪ್ರೆಸರು, ಎಸಿಯ ಹೊರಘಟಕ, ನೀರಿನ ಪಂಪು ಎಲ್ಲವೂ ಸಾಮಾನ್ಯವಾಗಿ ಹಿಂಬದಿಯ ಸಂದಿಯಲ್ಲೇ ಇರುತ್ತವೆ. ಎದುರುಬದುರು ಎರಡು ಗೋಡೆ ಇರುವ ಕಡೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮೇಲಕ್ಕೇ ಬರುತ್ತದೆ. ರಸ್ತೆಯ ಗಲಾಟೆ ಒಂದು ಹೊತ್ತಿಗೆ ಇಳಿಯುತ್ತದೆ, ಫ್ರೀಜರಿನ ಕಂಪ್ರೆಸರು ಮಾತ್ರ ರಾತ್ರಿಯಿಡೀ ಓಡುತ್ತದೆ. ಹಾಗಾಗಿ ಮೊದಲು ಹಿಂದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೆಳಗೇನಿದೆ, ಯಾವ ಫ್ಯಾನಿನ ಬಾಯಿ ಯಾವ ಕಡೆಗಿದೆ ನೋಡಿ.

ಮನೆ ನೋಡುವುದು ಒಂದು ಸಲಕ್ಕೆ ಮುಗಿಯುವ ಕೆಲಸ ಅಲ್ಲ. ಮಾಲೀಕರು ಕರೆಯುವುದು ಮಧ್ಯಾಹ್ನ, ಆಗ ಯಾವ ರಸ್ತೆಯಾದರೂ ಸಾಧುವಾಗೇ ಇರುತ್ತದೆ. ನೀವು ಹೋಗಬೇಕಾದ್ದು ಮೂರು ಹೊತ್ತು: ವಾರದ ಕೊನೆಯ ರಾತ್ರಿ 11ರ ನಂತರ, ಬಾರ್ ಮುಚ್ಚಿದ ಮೇಲಿನ ಅರ್ಧ ಗಂಟೆ, ಮತ್ತೆ ಬೆಳಗಿನ ಜಾವ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಹಾಡು ನಿಂತ ಮೇಲೆ ಜನ ಬಾಗಿಲಲ್ಲಿ ನಿಂತು ಮಾತಾಡುವುದು, ಷಟರ್ ಎಳೆಯುವುದು, ಖಾಲಿ ಬಾಟಲಿಗಳನ್ನು ಡಬ್ಬಕ್ಕೆ ಸುರಿಯುವುದು, ನಿದ್ದೆ ಎಬ್ಬಿಸುವುದು ಇವೇ. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಒಗ್ಗಬಹುದು, ಇದ್ದಕ್ಕಿದ್ದಂತೆ ಸಿಡಿಯುವ ಸದ್ದಿಗೆ ಒಗ್ಗುವುದು ಕಷ್ಟ. ಬೆಳಗಿನ ಜಾವದಲ್ಲಿ ಕಸದ ಲಾರಿ, ಸರಕು ಇಳಿಸುವವರು.

ಅಳೆಯುವುದಾದರೆ ಮಲಗುವ ಕೋಣೆಯಲ್ಲಿ, ಮಂಚ ಬರುವ ಜಾಗದಲ್ಲಿ, ಕಿಟಕಿ ಮುಚ್ಚಿ ಅಳೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಪ್ರಕಾರ ಮಲಗುವ ಕೋಣೆಯೊಳಗೆ ಸರಾಸರಿ 30 ಡೆಸಿಬಲ್, ಒಂದೊಂದು ಸಲ ಏಳುವ ಸದ್ದು 45 ಡೆಸಿಬಲ್ ದಾಟಬಾರದು. ಸದ್ದು ಅಳೆಯುವ ಫೋನಿನ ಆ್ಯಪ್ ನಾಲ್ಕೈದು ಡೆಸಿಬಲ್ ಆಚೀಚೆ ತೋರಿಸಬಹುದು, ಆದರೆ ಎರಡು ಮನೆಗಳನ್ನು ಹೋಲಿಸಲು ಅದೇ ಸಾಕು. 10 ಡೆಸಿಬಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನಿಸುತ್ತದೆ.

ಒಂದು ಎಚ್ಚರಿಕೆ: ಆ್ಯಪ್ ಸಾಮಾನ್ಯವಾಗಿ ‘ಎ’ ತೂಕದಲ್ಲಿ, ಅಂದರೆ ಕಿವಿಗೆ ಕಡಿಮೆ ಕೇಳುವ ಸ್ವರಗಳನ್ನು ಕಡಿಮೆ ಎಣಿಸುವ ಲೆಕ್ಕದಲ್ಲಿ, ಅಳೆಯುತ್ತದೆ. ಅದು 63 ಹರ್ಟ್ಸಿನ ಸದ್ದನ್ನು, ಅಂದರೆ ತಗ್ಗು ಸ್ವರದ ಬೇಸ್ ಸದ್ದನ್ನು, 26 ಡೆಸಿಬಲ್ ಕಡಿಮೆ ಮಾಡಿ ತೋರಿಸುತ್ತದೆ. ಬಾರಿನ ‘ಧಬ್ ಧಬ್’ ಇರುವುದೇ ಅಲ್ಲಿ. ಬೇಸನ್ನು ಅಷ್ಟಾಗಿ ಇಳಿಸದ ‘ಸಿ’ ತೂಕಕ್ಕೆ ಬದಲಿಸಿ ನೋಡಿ, ಎರಡರ ನಡುವೆ 15-20 ಡೆಸಿಬಲ್ ಅಂತರ ಬಂದರೆ ಬೇಸ್ ಜಾಸ್ತಿ ಇದೆ ಅಂತ ಅರ್ಥ. ಬರಿಗೈಯಲ್ಲಿ ಗೊತ್ತಾಗಬೇಕೆಂದರೆ ಕಿಟಕಿ ಗಾಜಿನ ಮೇಲೆ ಬೆರಳ ತುದಿ ಇಡಿ. ಗಾಜು ತಾಳಕ್ಕೆ ಸರಿಯಾಗಿ ನಡುಗುತ್ತಿದ್ದರೆ ಆ ಕೋಣೆ ಬೇಡ.

ಕಿಟಕಿ_ಕೆಲಸ:

ಪರದೆಯಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ. ಕೋಣೆಯೊಳಗಿನ ಪ್ರತಿಧ್ವನಿ ಕೊಂಚ ತಗ್ಗುತ್ತದೆ, ಅಷ್ಟೇ. ಸದ್ದು ತಡೆಯುವುದು ತೂಕ, ಮತ್ತೆ ಸಂದಿಲ್ಲದ ಮುಚ್ಚಿಗೆ. ಗೋಡೆಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು ಸಂದು ಇದ್ದರೆ ಸಾಕು, ಮಿಕ್ಕ ಗೋಡೆ ಎಷ್ಟೇ ದಪ್ಪ ಇರಲಿ, ಒಟ್ಟು ತಡೆ 20 ಡೆಸಿಬಲ್ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಸಂದು ಎಲ್ಲಿದೆ ಅಂತ ನೋಡಲು ಒಂದು ಹಾಳೆ ಸಾಕು. ಹಾಳೆ ಇಟ್ಟು ಕಿಟಕಿ ಮುಚ್ಚಿ, ಚಿಲಕ ಹಾಕಿ, ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಹಿಡಿತ ಇಲ್ಲ. ಸುತ್ತ ಹತ್ತು ಕಡೆ ಹೀಗೆ ಮಾಡಿ. ಕೀಲಿನ ಕಿಟಕಿಗೆ ಹಿಂದೆ ಅಂಟು ಇರುವ, ಇಪಿಡಿಎಂ ಎಂಬ ಬಗೆಯ ರಬ್ಬರ್ ಪಟ್ಟಿ ಹಾಕಬಹುದು: 2-3 ಮಿ.ಮೀ. ಸಂದಿಗೆ ಇಂಗ್ಲಿಷಿನ ‘E’ ಆಕಾರದ್ದು, 3-5 ಮಿ.ಮೀ.ಗೆ ‘P’ ಆಕಾರದ್ದು. ಕೆಲಸ ಕೆಡುವುದು ಎರಡು ಕಡೆ. ಚೌಕಟ್ಟಿನ ಧೂಳು-ಜಿಡ್ಡನ್ನು ಸ್ಪಿರಿಟ್ ಹಾಕಿ ಒರೆಸದೆ ಅಂಟಿಸಿದರೆ ಪಟ್ಟಿ ಬೇಗ ಕಿತ್ತುಬರುತ್ತದೆ. ಎಳೆದು ಬಿಗಿ ಮಾಡಿ ಅಂಟಿಸಿದರೆ ಆಮೇಲೆ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಪಟ್ಟಿಯನ್ನು ಸಡಿಲವಾಗಿ ಇಟ್ಟು ಒತ್ತುತ್ತಾ ಹೋಗಿ, ಮೂಲೆಯಲ್ಲಿ ಕತ್ತರಿಸಿ ತುದಿಗೆ ತುದಿ ಕೂಡಿಸಿ.

ಸರಿಸುವ ಕಿಟಕಿಯಾದರೆ ಈ ಪಟ್ಟಿ ಕೂರುವುದಿಲ್ಲ, ಅದರ ಸವೆದ ಬ್ರಷ್ ಪಟ್ಟಿಯನ್ನೇ ಬದಲಿಸಬೇಕು. ಕೆಳಗಿನ ಕಂಬಿಯಲ್ಲಿ ಹೊರಮುಖವಾಗಿ ಸಣ್ಣ ತೂತುಗಳಿರುತ್ತವೆ. ಅವನ್ನು ಸಿಲಿಕೋನ್ ಹಾಕಿ ಮುಚ್ಚಬೇಡಿ, ಮಳೆನೀರು ಹೊರಹೋಗುವ ದಾರಿ ಅದು. ಮುಚ್ಚಿದರೆ ನೀರು ಒಳಗೇ ಬರುತ್ತದೆ.

ಇನ್ನೂ ಬೇಕೆಂದರೆ ಒಳಗಡೆ ಇನ್ನೊಂದು ಪದರ ನಿಲ್ಲಿಸಬಹುದು: 6 ಮಿ.ಮೀ. ಅಕ್ರಿಲಿಕ್ ಹಾಳೆ, ಸುತ್ತ ಮ್ಯಾಗ್ನೆಟ್ ಪಟ್ಟಿ, ಹಳೇ ಗಾಜಿಗೂ ಅದಕ್ಕೂ ಕನಿಷ್ಠ 100 ಮಿ.ಮೀ. ಅಂತರ. ಮನೆ ಬಿಡುವಾಗ ಕಳಚಿಕೊಂಡು ಹೋಗಬಹುದು, ಬಾಡಿಗೆ ಮನೆಗೆ ಇದೇ ಸರಿ. ಅಂಗಡಿಯವರು ಹೇಳುವ 6-12 ಮಿ.ಮೀ. ಅಂತರದ ಜೋಡಿ ಗಾಜು ಸೆಖೆ-ಚಳಿಗೆ ಒಳ್ಳೆಯದು, ಬೇಸ್ ಸದ್ದಿಗೆ ಅಷ್ಟಕ್ಕಷ್ಟೆ. ಇದೆಲ್ಲ ಮಲಗುವ ಕೋಣೆಗೆ ಮಾತ್ರ. ಗ್ಯಾಸ್ ಒಲೆ, ಗ್ಯಾಸ್ ಗೀಸರ್ ಇರುವ ಕಡೆ ಗಾಳಿ ಕಿಂಡಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ.

ನಲ್ಲಿ_ನೀರು:

ಸದ್ದಿನ ಬಗ್ಗೆ ಇಬ್ಬರೂ ಹೇಳಿಯಾಯಿತು, ನನ್ನದು ವಾಸನೆ ಮತ್ತು ನೀರು. ಬಿಳಿ ಟಿಶ್ಯೂ ತಗೊಂಡು ಕಿಟಕಿಯ ಹೊರಗಿನ ಅಂಚು ಒರೆಸಿ. ಒಣ ಧೂಳು ಬಂದರೆ ಚಿಂತೆಯಿಲ್ಲ. ಹಳದಿ-ಕಂದು ಬಣ್ಣದ ಅಂಟು ಜಿಡ್ಡು ಬಂದರೆ ಹೋಟೆಲಿನ ಹೊಗೆ ನೇರ ಅಲ್ಲಿಗೇ ಬರುತ್ತಿದೆ. ಹಿಂಬದಿ ಮನೆಗೆ ಇದನ್ನು ಖಂಡಿತ ಮಾಡಿ. ಒಗೆದ ಬಟ್ಟೆಗೆ ಒಗ್ಗರಣೆ ವಾಸನೆ ಹಿಡಿದರೆ ಯಾವ ರಬ್ಬರ್ ಪಟ್ಟಿಯೂ ಕಾಪಾಡಲ್ಲ.

ಬಚ್ಚಲಿನಲ್ಲಿ ನಾತ ಇದ್ದರೆ ಮನೆ ಬಿಟ್ಟುಬಿಡುವ ಮುಂಚೆ ಜಾಲರಿಗೆ ಒಂದು ಚೊಂಬು ನೀರು ಸುರಿದು ಹತ್ತು ನಿಮಿಷ ಕಾಯಿರಿ. ಖಾಲಿ ಇದ್ದ ಮನೆಯಲ್ಲಿ ಟ್ರ್ಯಾಪಿನ (ಜಾಲರಿಯ ಕೆಳಗೆ ನೀರು ನಿಂತು ಚರಂಡಿ ಗಾಳಿ ತಡೆಯುವ ಭಾಗ) ನೀರು ಆರಿಹೋಗಿ ಚರಂಡಿ ಗಾಳಿ ಬರುವುದು ಮಾಮೂಲು. ಆಮೇಲೂ ಬರುತ್ತಿದ್ದರೆ ಕೊಳವೆಯಲ್ಲೇ ತೊಂದರೆ. ನೀರಿನ ಒತ್ತಡಕ್ಕೆ 10 ಲೀಟರ್ ಬಕೆಟ್ ಇಟ್ಟು ಸಮಯ ನೋಡಿ, ಒಂದು ನಿಮಿಷದೊಳಗೆ ತುಂಬಿದರೆ ಚೆನ್ನಾಗಿದೆ, ಎರಡು ನಿಮಿಷ ದಾಟಿದರೆ ಷವರ್ ಆಸೆ ಬಿಡಿ. ಹೋಟೆಲಿನಲ್ಲಿ ಜನ ತುಂಬಿರುವ ಹೊತ್ತಿನಲ್ಲೇ ನೋಡಿ. ಕೆಳಗಿನವರಿಗೂ ನಿಮಗೂ ಒಂದೇ ಟ್ಯಾಂಕಾ ಅಂತಲೂ ಕೇಳಿ.

ಎರಡನೇ_ಮಹಡಿ:

ಎಲ್ಲರಿಗೂ ಧನ್ಯವಾದ. ಹಿಂಬದಿ ಕಿಟಕಿಯ ಕೆಳಗೆ ನಿಜಕ್ಕೂ ಎರಡು ಫ್ಯಾನುಗಳ ಬಾಯಿ ಇದೆ. ಮುಂಬದಿ ಮನೆಯಲ್ಲಿ ಒಂದು ಕೋಣೆಗೆ ರಸ್ತೆ ಕಡೆ ಕಿಟಕಿಯೇ ಇಲ್ಲ, ಪಕ್ಕದ ಓಣಿಗಿದೆ. ಅದನ್ನು ಮಲಗಲು ಇಟ್ಟುಕೊಂಡರೆ?

ಸದ್ದಿನ_ಲೆಕ್ಕ:

ಅದೇ ಸರಿ. ರಸ್ತೆ ನೇರ ಕಾಣದ ಕಿಟಕಿಗೆ ಸದ್ದು ಎಷ್ಟೋ ಕಡಿಮೆ. ಆದರೆ ಮಂಚದ ತಲೆಭಾಗ ಲಿಫ್ಟಿನ ಗೋಡೆಗೆ, ಮೆಟ್ಟಿಲ ಗೋಡೆಗೆ ತಾಗದಂತೆ ಇಡಿ. ಗೋಡೆಗೆ ಕಿವಿ ಒತ್ತಿ, ಯಾರಿಂದಾದರೂ ಲಿಫ್ಟ್ ಓಡಿಸಿ ನೋಡಿ.

ಕರಾರು_ಪತ್ರ:

ಅಗ್ರಿಮೆಂಟಿನಲ್ಲಿ ಮೊದಲು ಲಾಕ್-ಇನ್ ಅವಧಿ, ಅಂದರೆ ಮಧ್ಯದಲ್ಲಿ ಮನೆ ಬಿಡುವಂತಿಲ್ಲದ ಕಾಲ, ನೋಡಿ. ಇಂಥ ಜಾಗದಲ್ಲಿ ಅದು ಚಿಕ್ಕದಿದ್ದಷ್ಟೂ ಒಳ್ಳೆಯದು, ಕೆಳಗೆ ನಾಳೆ ಯಾವ ಅಂಗಡಿ ಬರುತ್ತದೋ ಯಾರಿಗೂ ಗೊತ್ತಿಲ್ಲ. ಕಿಟಕಿಗೆ ಪಟ್ಟಿ, ಪದರ ಹಾಕಲು ಒಪ್ಪಿಗೆ ಇದೆ ಅಂತ ಒಂದು ಸಾಲು ಬರೆಸಿಕೊಳ್ಳಿ, ಬಾಯಿಮಾತು ಬೇಡ. ಕೀಲಿ ತಗೊಂಡ ದಿನವೇ, ಸಾಮಾನು ಇಳಿಸುವ ಮುಂಚೆ, ಬಾಗಿಲಿನಿಂದ ಶುರುಮಾಡಿ ಎಡಗೋಡೆ ಹಿಡಿದು ಪ್ರತಿ ಕೋಣೆ ಸುತ್ತಿ ವೀಡಿಯೊ ಮಾಡಿ. ಗೋಡೆಯ ತೇವ, ಬಿರುಕು ಬಿಟ್ಟ ಟೈಲ್ಸ್, ಕರೆಂಟ್ ಮೀಟರಿನ ಅಂಕಿ ಹತ್ತಿರದಿಂದ ಬರಲಿ. ಅವತ್ತೇ ಮಾಲೀಕರಿಗೆ ಕಳಿಸಿ.

ಇನ್ನೊಂದು: ಸಾಮಾನಿನ ಗಾಡಿಯನ್ನು ಅಂಗಡಿಗಳು ಬಾಗಿಲು ತೆಗೆಯುವ ಮುಂಚೆ ತರಿಸಿ. ಆಮೇಲೆ ಆ ರಸ್ತೆಯಲ್ಲಿ ನಿಲ್ಲಿಸಲು ಜಾಗ ಸಿಗಲ್ಲ. ಬೀರುವಿನ ಉದ್ದ-ಅಗಲದ ಜೊತೆ ಮೆಟ್ಟಿಲು ತಿರುಗುವ ಜಾಗವನ್ನೂ ಟೇಪ್ ಹಿಡಿದು ಅಳೆದಿಟ್ಟುಕೊಳ್ಳಿ.