ವೇಗ ಇಳದ ಮ್ಯಾಲೆ ಫಾಸ್ಟ್ ಬೌಲರ್ ರನ್‌ಅಪ್ ಕಡಿಮಿ ಮಾಡೂದು ಸರೀನ?

ಕ್ಯಾಂಪ್ ಎಂಡ್, ಬೆಳಗಾವಿ:
ನಮ್ಮ ಕ್ಲಬ್ಬಿನ ಓಪನಿಂಗ್ ಬೌಲರ್‌ಗೆ ಈಗ 37. ಬಲಗೈ, 18 ಹೆಜ್ಜಿ ರನ್‌ಅಪ್. ಮೊದಲ ಎರಡು ಓವರ್ ಚಲೋ ಬೀಳ್ತಾವು, ಆಮ್ಯಾಲೆ ಚೆಂಡಿನಾಗ ಜೀವಾನ ಇರೂದಿಲ್ಲ. ಬ್ಯಾಟ್ಸ್‌ಮನ್‌ಗಳು ಹಿಂದ ಸರದು ಆರಾಮ ಪುಲ್ ಹೊಡೀತಾರ. ರನ್‌ಅಪ್ 10 ಹೆಜ್ಜಿಗೆ ಇಳಸಂತ ಕೆಲವರು, ಜಿಮ್ ಹಚ್ಚಂತ ಕೆಲವರು. ಟರ್ಫ್ (ಹುಲ್ಲು-ಮಣ್ಣಿನ ಪಿಚ್), ಮ್ಯಾಟಿಂಗ್ (ಮ್ಯಾಟ್ ಹಾಸಿದ ಪಿಚ್) ಎರಡರ ಮ್ಯಾಲೂ ಆಡೂದೈತಿ. ತಿಳದವರು ಹೇಳ್ರಿ.

ಹೊಸ ಚೆಂಡು, ಬಾಗಲಕೋಟೆ:
ಒಮ್ಮಿಗೇ 10ಕ್ಕ ಇಳಸಬ್ಯಾಡ್ರಿ. ಓಟದಾಗ ವೇಗ ಇಲ್ಲಂದ್ರ ಆ ಕೊರತಿ ತುಂಬಾಕ ಭುಜ, ಬೆನ್ನಿನ ಮ್ಯಾಲೆ ಭಾರ ಬೀಳ್ತೈತಿ. ಕೊನೀ ಆರು ಹೆಜ್ಜಿ ಮುಟ್ಟಬ್ಯಾಡ್ರಿ, ಶುರುವಿನ ಹೆಜ್ಜಿ ತಗೀರಿ. ಮೊದಲ 16, ಎರಡು ವಾರ ನೆಟ್ಸ್ ಆದ ಮ್ಯಾಲೆ 14. ಎರಡೆರಡ ತಗದ್ರ ಹೊರಡೂ ಕಾಲು ಬದಲಾಗೂದಿಲ್ಲ. ಪ್ರತಿ ಸಲ ಟೇಪ್ ಹಿಡದು ಹೊಸಾ ಗುರುತು ಹಾಕ್ರಿ, ಇಲ್ಲಂದ್ರ ನೋಬಾಲ್ ಶುರುವಾಗ್ತಾವು.

ಮೂರನೇ ಓವರಿಗೆ ಚೆಂಡು ಸಾಯೂದಕ್ಕ ಕಾರಣ ಬಹಳ ಸಲ ಎಡ ಮೊಣಕಾಲು. ಚೆಂಡು ಬಿಡೂ ಮುಂದ ಅದು ನೆಟ್ಟಗ ನಿಂತ್ರ ಓಟದ ವೇಗ ಕೈಗೆ ಬರ್ತೈತಿ. ತೊಡಿ ದಣದು ಅದು ಮಡಚಿತಂದ್ರ ವೇಗಾನೂ ಹೋತು, ಚೆಂಡು ಬಿಡೂ ಎತ್ತರಾನೂ ಹೋತು. ಮೊದಲನೇ ಓವರ್, ನಾಲ್ಕನೇ ಓವರ್ ಎರಡನ್ನೂ ಪಕ್ಕದಿಂದ ಮೊಬೈಲ್ ಸ್ಲೋ ಮೋಷನ್‌ನಾಗ ತಗದು ಹೋಲಿಸಿ ನೋಡ್ರಿ.

ಗುಮ್ಮಟದ ಊರು, ವಿಜಯಪುರ:
ರನ್‌ಅಪ್ ಮಾತು ಒಪ್ಪಿದೆ. ಆದ್ರ ಪುಲ್ ಹೊಡಸ್ಕೊಳ್ಳೂದು ಲೆಂತಿನ (ಚೆಂಡು ಪಿಚ್ಚಿನಾಗ ಬೀಳೂ ಜಾಗದ) ತಪ್ಪು. ವೇಗ ಇದ್ದಾಗ ಸ್ಟಂಪಿನಿಂದ 7 ಮೀಟರಿಗೆ ಬಿದ್ದದ್ದು ಚಲೋ ಚೆಂಡು. ಅದೇ ಚೆಂಡು ನಿಧಾನ ಬಂದ್ರ ಹಿಂಗಾಲಿಗೆ ಹೋಗ್ಲಿಕ್ಕೆ ಟೈಮ್ ಸಿಗ್ತದ. ಬ್ಯಾಟ್ಸ್‌ಮನ್ ಕಡೆ ಒಂದು ಮೀಟರ್ ಮುಂದ ಹಾಕಲಿ, ಕೀಪರ್ ಸ್ಟಂಪಿಗೆ ಹತ್ತಿ ನಿಲ್ಲಲಿ. ಆಗ ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟು ಬಂದು ಲೆಂತ್ ಕೆಡಸಲಿಕ್ಕೆ ಹೆದರ್ತಾನ.

ಮ್ಯಾಟ್ ಮ್ಯಾಲೆ ಕಟರ್ (ಬೆರಳು ಎಳದು ಬಿಡೂ, ಬಿದ್ದ ಮ್ಯಾಲೆ ಹೊಳ್ಳೂ ಚೆಂಡು) ಕಲೀಲೇಬೇಕು, ನಾರಿನ ಮ್ಯಾಟು ಚೆಂಡನ್ನ ಗಟ್ಟಿ ಹಿಡೀತದ. ಆಫ್ ಕಟರ್‌ಗೆ ತೋರುಬೆರಳು ಸೀಮಿನ (ಚೆಂಡಿನ ಹೊಲಿಗಿಯ) ಮ್ಯಾಲಿಟ್ಟು, ಬಿಡುವಾಗ ಚೆಂಡಿನ ಬಲ ಮಗ್ಗಲಗುಂಟ ಕೆಳಗ ಎಳೀಬೇಕು. ಲೆಗ್ ಕಟರ್‌ಗೆ ನಡುಬೆರಳು, ಎಡ ಮಗ್ಗಲು. ತೋಳು ನಿಧಾನ ಮಾಡಿದ್ರ ಬ್ಯಾಟ್ಸ್‌ಮನ್‌ಗೆ ಗೊತ್ತಾಗಿಬಿಡ್ತದ. ತೋಳಿನ ವೇಗ ಅಷ್ಟೇ ಇರಲಿ, ಚೆಂಡಿನ ವೇಗ ಬೆರಳಿನಿಂದ ಇಳೀಬೇಕು. ನಮ್ಮ ವೆಂಕಟೇಶ್ ಪ್ರಸಾದ್ ಅವರ ಹಳೇ ವಿಡಿಯೋ ತೋರಸ್ರಿ. 1999ರ ಚೆನ್ನೈ ಟೆಸ್ಟಿನಾಗ ಪಾಕಿಸ್ತಾನದ ವಿರುದ್ಧ 33 ರನ್ನಿಗೆ 6 ವಿಕೆಟ್ ತಗದವರು ಭಾರಿ ವೇಗದ ಬೌಲರ್ ಅಲ್ಲ.

ಟರ್ಫಿಗೆ ವಾಬಲ್ ಸೀಮ್ ಛಲೋ. ಸೀಮಿನ ಎರಡೂ ಕಡೆ ಬೆರಳು ಸ್ವಲ್ಪ ಅಗಲ ಇಟ್ಟು ಬಿಟ್ರ ಸೀಮ್ ಓಲಾಡಿಕೋತ ಹೋಗ್ತದ. ಬಿದ್ದ ಮ್ಯಾಲೆ ಯಾವ ಕಡೆ ಹೊಳ್ಳತದಂತ ಬೌಲರ್‌ಗೂ ಖಾತ್ರಿ ಇರೂದಿಲ್ಲ. ಇಂಗ್ಲೆಂಡಿನ ಆಂಡರ್ಸನ್ 41ರ ತನಕ ಆಡಿ 704 ಟೆಸ್ಟ್ ವಿಕೆಟ್ ತಗದ್ರಲ್ಲ, ಸ್ವಿಂಗಿನ ಜೋಡಿ ಈ ಚೆಂಡಿನ ಪಾಲೂ ದೊಡ್ಡದದ.

ಕ್ಯಾಂಪ್ ಎಂಡ್, ಬೆಳಗಾವಿ:
ಭಾಳ ಉಪಕಾರ ಆತ್ರಿ ಇಬ್ಬರಿಂದನೂ. ಜಿಮ್ ಬಗ್ಗೆ ಏನಂತೀರಿ?

ಹೊಸ ಚೆಂಡು, ಬಾಗಲಕೋಟೆ:
ಬೇಕ್ರಿ, ಆದ್ರ ಎದಿ-ತೋಳು ಉಬ್ಬಿಸೂ ಜಿಮ್ ಅಲ್ಲ. ನಾರ್ಡಿಕ್ ಕರ್ಲ್ (ಮೊಣಕಾಲೂರಿ, ಹಿಮ್ಮಡ ಹಿಡಿಸಿ, ಮೈ ನಿಧಾನ ಮುಂದಕ್ಕ ಇಳಸೂದು) ಐದೈದರಂಗ 3 ಸೆಟ್, ಒಂಟಿಗಾಲಿನ ಕಾಫ್ ರೈಸ್ (ಹಿಮ್ಮಡ ಎತ್ತಿ ತುದಿಗಾಲಿನ ಮ್ಯಾಲೆ ನಿಲ್ಲೂದು) 12ರಂಗ 3 ಸೆಟ್, ವಾರಕ್ಕ ಎರಡು ಸಲ. ಮ್ಯಾಚಿನ ಹಿಂದಿನ ಎರಡು ದಿನ ಬ್ಯಾಡ. ನೆಟ್ಸಿನಾಗ ವಾರಕ್ಕ ಎರಡು ದಿನ ಐದೈದು ಓವರ್ ಹಾಕಲಿ. ತಿಂಗಳಗಟ್ಟಲೆ ಕೈ ಬಿಟ್ಟು ಒಮ್ಮಿಗೇ 10 ಓವರ್ ಹಾಕಿದ್ರ ಹ್ಯಾಮ್‌ಸ್ಟ್ರಿಂಗ್ (ತೊಡಿ ಹಿಂದಿನ ಸ್ನಾಯು) ಹೋಗ್ತೈತಿ. ಮ್ಯಾಚಿನಾಗ ಮೂರು ಓವರಿನ ಸ್ಪೆಲ್ ಸಾಕು. ಮ್ಯಾಟಿನ ಕೆಳಗ ಕಾಂಕ್ರೀಟ್ ಇದ್ರ ಸ್ಪೈಕ್ ಇಲ್ಲದ ದಪ್ಪ ತಳದ ಬೂಟು ಹಾಕಲಿ, ಅಂಥಾ ಕಡೆ ನೆಟ್ಸಿನಾಗ ಪೂರ್ತಿ ಓಟ ಓಡಸಬ್ಯಾಡ್ರಿ.