ಸಹಾಯ ಬೇಕು: ಕ್ರಿಸ್‌ಮಸ್‌ಗೆ ನಿಜವಾದ ಮರವೋ, ಕೃತಕ ಮರವೋ?

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡಿನ ಬೇಳದ ಸಮೀಪದವರು. ಪ್ರತಿ ವರ್ಷವೂ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಪಕ್ಕದಲ್ಲಿ ಗಾಳಿಮರದ ಗೆಲ್ಲೊಂದನ್ನು ಒದ್ದೆ ಮರಳು ತುಂಬಿದ ಬಕೆಟ್‌ನಲ್ಲಿ ನಿಲ್ಲಿಸಿ ನಕ್ಷತ್ರ ಕಟ್ಟುವುದು ನಮ್ಮ ಮನೆಯ ವಾಡಿಕೆ. ಆದರೆ ಡಿಸೆಂಬರ್ 20ಕ್ಕೆ ಕಡಿದು ತಂದ ಗೆಲ್ಲು ಹಬ್ಬದ ದಿನಕ್ಕಾಗಲೇ ಬಾಡಿ, ಸೂಜಿಯಂಥ ಎಲೆಗಳು ಗೋದಲಿಯ ಹುಲ್ಲಿನ ಮೇಲೆಲ್ಲ ಉದುರುತ್ತವೆ. ಜನವರಿ 6ರ ಮೂರು ರಾಯರ ಹಬ್ಬದವರೆಗೆ ಅದನ್ನು ಉಳಿಸಿಕೊಳ್ಳುವುದು ಕನಸಿನ ಮಾತು. ಕಳೆದ ವರ್ಷ ಒಣಗಿದ ಗೆಲ್ಲಿನ ಮೇಲೆ ಬಲ್ಬಿನ ಸರ ಬಿಸಿಯಾಗಿದ್ದುದನ್ನು ಕಂಡು ಅಮ್ಮ ಸ್ವಿಚ್ಚನ್ನೇ ಆರಿಸಿಬಿಟ್ಟರು.

ಹೀಗಾಗಿ ಪ್ಲಾಸ್ಟಿಕ್ ಮರವೊಂದನ್ನು ಕೊಳ್ಳುವ ಯೋಚನೆಯಿದೆ. 2 ಮೀಟರ್ ಎತ್ತರದ ಕೃತಕ ಮರದ ಇಂಗಾಲದ ಹೊರೆ, ಅಂದರೆ ಅದರಿಂದ ವಾತಾವರಣ ಸೇರುವ ಹಸಿರುಮನೆ ಅನಿಲ, ಸುಮಾರು 40 ಕಿಲೋ ಎಂದು ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಅಂದಾಜಿಸಿರುವುದರಿಂದ, ಕೊಂಡರೆ ಆ ಹೊರೆ ಸರಿದೂಗಲು ಹತ್ತು ವರ್ಷವಾದರೂ ಬಳಸಲೇಬೇಕು. ನಮ್ಮ ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಪೆಟ್ಟಿಗೆಯೊಳಗೆ ತಂತಿ ತುಕ್ಕು ಹಿಡಿಯದೆ ಅದು ಅಷ್ಟು ಕಾಲ ಬಾಳುತ್ತದೆಯೇ? ಬಳಸಿದವರು ತಿಳಿಸಬೇಕು. ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡವೆಂದು ಮಾರುವ ಅರೋಕೇರಿಯವನ್ನು ಕುಂಡದಲ್ಲೇ ಬೆಳೆಸಿದವರು ಇದ್ದರೆ, ಕರಾವಳಿಯ ಬಿಸಿಲನ್ನು ಅದು ತಡೆಯುತ್ತದೆಯೇ, ಮನೆಯೊಳಗೆ ಎಷ್ಟು ದಿನ ಇಡಬಹುದು ಎಂಬುದನ್ನೂ ದಯವಿಟ್ಟು ಬರೆಯಿರಿ.